ಬೆನ್ನು ತಿರುಗಿಸಿ ಕುಳಿತ ಕಂಪ್ಯೂಟರ್

ಕೇಳಿರಪ್ಪಾ, ನಮ್ಮ ಹಳೇ ಕಂಪ್ಯೂಟರಿಗೆ ಇವತ್ತು ವೇಗದ ಯುಎಸ್‌ಬಿ ಕಾರ್ಡ್ ಹಾಕಿಸಿದೆ. ಮೊಳಕಾಲ್ಮೂರಿನ ನಮ್ಮ ಮಗ್ಗದ ಸೀರೆ ಫೋಟೊಗಳನ್ನು ಪೆನ್ ಡ್ರೈವಿಗೆ ತುಂಬಿಸಿ ಸಂಜೆ ಬಸ್ಸಿಗೆ ಚಳ್ಳಕೆರೆಯ ಮದುವೆ ಮನೆಗೆ ಕಳಿಸಬೇಕಿತ್ತು. ಬಸ್ಸು ತಪ್ಪಿದರೆ ಆರ್ಡರೂ ತಪ್ಪುತ್ತಿತ್ತು.

ನೋಡಿದರೆ ಪೆನ್ ಡ್ರೈವ್ ಚುಚ್ಚುವ ಹೊಸ ತೂತುಗಳೆಲ್ಲ ಕಂಪ್ಯೂಟರ್ ಡಬ್ಬದ ಹಿಂದೆ, ಗೋಡೆ ಕಡೆಗೆ!

"ಲೇ ಇಕ್ಬಾಲ್, ಈಗೇನು ಗೋಡೆ ಒಡೀಲೇನಲೇ?" ಎಂದು ರಿಪೇರಿಯವನಿಗೆ ರೇಗಿದೆ.

"ಹಿಂದುಮುಂದು ತಿರುಗ್ಸಿ ಇಡ್ರಿ ಯಜಮಾನ್ರೇ, ಆತು" ಎಂದ.

ಇಟ್ಟೆ. ಮೊದಲೆಲ್ಲ ಊಟ ಮುಗಿಸಿ ಬಂದರೂ ಮುಗಿಯದಿದ್ದ ಕಾಪಿ, ಈಗ ಚಪ್ಪಲಿ ಮೆಟ್ಟುವಷ್ಟರಲ್ಲಿ ಮುಗಿಯಿತು. ಬಸ್ಸೂ ಸಿಕ್ಕಿತು!

ಖುಷಿಯಲ್ಲಿ ಮನೆಗೆ ಬಂದರೆ ಹೆಂಡತಿ ಕಂಪ್ಯೂಟರ್ ಮುಂದೆ ನಿಂತಿದ್ದಳು.

"ಇದಕ್ಕೂ ಬೈದ್ರೇನ್ರೀ? ನಿಮ್ಗೆ ಬೆನ್ನು ಹಾಕ್ಕಂಡು ಕುಂತೈತೆ!"

ಕುಂತಿರಲಿ ಬಿಡಿ. ಮುಖ ಕೊಟ್ಟಾಗ ಒಂದು ದಿನವೂ ಇಷ್ಟು ಚುರುಕಾಗಿ ಕೆಲಸ ಮಾಡಿರಲಿಲ್ಲ.