ಒಮ್ಮೆ ಮಾತ್ರ ಬಂದ ಧಾಟಿ

ವೈನಿಯ ಎಡಗಿವಿಯಲ್ಲಿ ಮಾತ್ರ ಬೆಂಡೋಲೆ ಹೊಳೆಯುತ್ತಿತ್ತು. ಹೆಡ್‌ಫೋನ್ ಒತ್ತಿ ನೋಯುತ್ತದೆಂದು ಬಲಗಿವಿಯದನ್ನು ಬಿಚ್ಚಿ ಲ್ಯಾಪ್‌ಟಾಪಿನ ಪಕ್ಕ ಇಟ್ಟಿರುತ್ತಿದ್ದರು. ಎರಡೂ ಕಿವಿ ಮುಚ್ಚಿಕೊಂಡರೆ ಅಡುಗೆಮನೆಯಿಂದ ಅವ್ವ ಕರೆದದ್ದು ಕೇಳುವುದಿಲ್ಲವಲ್ಲ!

ಅವರು ನನ್ನ ಅಣ್ಣನ ಹೆಂಡತಿ, ಹಿರೇಕೆರೂರಿನ ಕಡೆಯವರು. ಸವಣೂರಿನ ನಮ್ಮ ಮನೆಗೆ ಬರುವ ಮೊದಲು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅಣ್ಣನದು ಸೇವು, ಖಾರದ ತಿಂಡಿಗಳ ಅಂಗಡಿ. ಮನೆಯ ಹಿತ್ತಲಲ್ಲೇ ಕರಿಯುವ ಭಟ್ಟಿ. ನಾನು ಕೀಬೋರ್ಡ್ ಬಾರಿಸುವವನು. ಶಿಗ್ಗಾಂವಿ, ಹಾನಗಲ್ಲ ಕಡೆಯ ಮದುವೆಗಳಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮನೆಯಲ್ಲಿ ಸಂಗೀತ ಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆಯೂ ಇತ್ತು, ವೈನಿ ಬರುವ ತನಕ.

ಅವರಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಒಂದು ಸಾಫ್ಟ್‌ವೇರಿಗೆ ಕೆಲವು ಸ್ವರ ಕೊಟ್ಟು, ಯಾವುದರ ಹಿಂದೆ ಯಾವುದು ಬರಬಹುದು, ಯಾವುದು ಅಪರೂಪಕ್ಕೆ ಬರಬೇಕು ಎಂದು ಹೇಳಿಡುತ್ತಿದ್ದರು. ಮುಂದಿನದು ದಾಳ ಉರುಳಿಸಿದಂತೆ. ಯಾವುದು ಬಿತ್ತೋ ಅದನ್ನೇ ಅದು ಬಾರಿಸುತ್ತಾ ಹೋಗುತ್ತಿತ್ತು. ಒಮ್ಮೆ ಬಂದದ್ದು ಮತ್ತೆ ಬರುತ್ತಿರಲಿಲ್ಲ. ಅಣ್ಣ ಕಡಾಯಿಯ ಅಂಚಿಗೆ ಸೌಟು ಕುಟ್ಟುವ ಸದ್ದು, ವೀಳ್ಯದೆಲೆಯ ತೋಟದಲ್ಲಿ ನೀರು ಹರಿಯುವ ಸದ್ದು, ಇವನ್ನೂ ಫೋನಿನಲ್ಲಿ ಹಿಡಿದು ಅದರೊಳಗೆ ಸೇರಿಸಿದ್ದರು.

"ಬಾರಿಸೂದು ಮಷಿನ್. ಇದರಾಗ ನಿಮ್ದೇನೈತ್ರಿ ವೈನಿ?" ಎಂದು ಒಮ್ಮೆ ಚುಚ್ಚಿದೆ.

ಅವರು ಸಿಟ್ಟಾಗಲಿಲ್ಲ. "ನಾ ಕೇಳ್ತೇನಿ ತಮ್ಮಾ. ಛಲೋ ಅನಿಸಲಿಲ್ಲಂದ್ರ ನಿಯಮ ಬದಲಿ ಮಾಡ್ತೇನಿ, ಮತ್ತ ಕೇಳ್ತೇನಿ. ಅಷ್ಟ ನಂದು."

ಹಾನಗಲ್ಲಿನ ಹವ್ಯಾಸಿ ತಂಡವೊಂದು ತನ್ನ ನಾಟಕಕ್ಕೆ ಸಂಗೀತ ಮಾಡಿಕೊಡಲು ನನಗೆ ಹೇಳಿ ಕಳಿಸಿತ್ತು. ವಾರಗಟ್ಟಲೆ ಕೂತು ಧಾಟಿಗಳನ್ನು ಕಟ್ಟಿದೆ. ಕೇಳಲೆಂದು ನಿರ್ದೇಶಕರು ಮನೆಗೆ ಬಂದ ದಿನ ವೈನಿ ಒಳಕೋಣೆಯಲ್ಲಿ ಸಣ್ಣಗೆ ಸ್ಪೀಕರ್ ಹಚ್ಚಿದ್ದರು. ನಾನು ಬಾರಿಸುತ್ತಿರುವಾಗಲೇ ನಿರ್ದೇಶಕರು ಕೈ ಎತ್ತಿದರು.

"ಒಂದ್ ನಿಮಿಷ ನಿಲ್ಸ್ರಿ. ಒಳಗ ಅದೇನ್ ಕೇಳಾಕತ್ತೈತಿ?"

ನಾಟಕಕ್ಕೆ ಅವರಿಗೆ ಬೇಕಾದದ್ದು ಒಳಗಿನ ಆ ಸಂಗೀತವೇ ಆಯಿತು. "ತಮ್ಮ ಭಾಳ ಕಷ್ಟಪಟ್ಟು ಮಾಡ್ಯಾನ್ರಿ, ಅವಂದ ಇರ್ಲಿ," ಎಂದು ವೈನಿ ಎಷ್ಟೋ ಹೇಳಿದರು. ಆ ಕನಿಕರವೇ ನನ್ನನ್ನು ಹೆಚ್ಚು ಸುಟ್ಟಿತು. ನಾಟಕದ ದಿನ ಜನ ನನ್ನನ್ನು ಹುಡುಕಿಕೊಂಡು ಬಂದು, "ಅವ್ರು ನಿಮ್ಮ ವೈನಿ ಏನ್ರಿ?" ಎಂದು ಕೇಳಿದರು. ಹೌದೆಂದು ನಕ್ಕೆ. ಊಟ ಮಾತ್ರ ಸೇರಲಿಲ್ಲ.

ಅದಾದ ಮೇಲೆ ಒಂದು ಸಂಜೆ ಅವರ ಕೋಣೆಯಿಂದ ಒಂದು ಧಾಟಿ ಬಂತು. ಮೇಲೇರುತ್ತದೆ ಎನ್ನುವಲ್ಲಿ ತಡೆದು, ಮೆಲ್ಲಗೆ ಕೆಳಗಿಳಿಯುವಂಥದ್ದು. ಭಟ್ಟಿ ಬಿಟ್ಟು ಬಂದ ಅಣ್ಣ ಕಡಲೆಹಿಟ್ಟಿನ ಕೈಯಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಮುಗಿದಾಗ, "ಇದನ್ನ ತೆಗೆದಿಡು," ಎಂದ.

"ಹೋಗ್ಲಿ ಬಿಡ್ರಿ, ನಾಳೆ ಬ್ಯಾರೆ ಬರ್ತೈತಿ," ಎಂದು ವೈನಿ ನಕ್ಕರು.

ನನಗೆ ಜನ್ಮದಲ್ಲಿ ಹೊಳೆಯದ ಧಾಟಿಯನ್ನು ಅವರು ಹಾಗೆ ಬಿಟ್ಟುಬಿಟ್ಟರು! ತಡೆಯಲಾಗಲಿಲ್ಲ. ನನ್ನ ಕೋಣೆಗೆ ಓಡಿ, ಕೀಬೋರ್ಡಿನ ಮೇಲೆ ತಡಕಾಡಿ, ಅದು ಪೂರಾ ಬೆರಳಿಗೆ ಹತ್ತುವವರೆಗೂ ಎದ್ದೇಳಲಿಲ್ಲ. ಆದರೆ ಯಾರ ಮುಂದೆಯೂ ಅದನ್ನು ಬಾರಿಸಲಿಲ್ಲ. ಅವರದನ್ನು ನಾನು ಬಾರಿಸುವುದೇ?

ಹೋದ ಮಳೆಗಾಲ ತಲೆನೋವೆಂದು ಮಲಗಿದ ವೈನಿ ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ಅಣ್ಣ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ.

"ಅವತ್ತು ಹೊಸ್ತಿಲದಾಗ ಕುಂತು ಕೇಳಿದ್ನಲ್ಲಾ, ಅದನ್ನ ಹಚ್ಚು."

ಹಚ್ಚಿದೆ. ಏನೇನೋ ಬಂತು, ಎಲ್ಲವೂ ಚೆಂದವೇ. ಪ್ರತಿಯೊಂದಕ್ಕೂ ಅಣ್ಣ ತಲೆಯಾಡಿಸಿದ, "ಇದಲ್ಲ." ಕಡೆಗೆ ಲ್ಯಾಪ್‌ಟಾಪ್ ಮುಚ್ಚಿ, ಕೀಬೋರ್ಡ್ ತಂದು ಬಾರಿಸಿದೆ. ಅಣ್ಣ ಮುಖ ಮುಚ್ಚಿಕೊಂಡ. ನಿನಗೆ ಹೇಗೆ ಬಂತು ಎಂದು ಕೇಳಲಿಲ್ಲ. ಕೈ ತೆಗೆದು, "ಎಷ್ಟ್ ಛಲೋ ಮಾಡಿದ್ಳು ನೋಡು," ಎಂದ.

ಬಾರಿಸಿದ ನನ್ನ ಬಗ್ಗೆ ಒಂದು ಮಾತಿಲ್ಲ. ಸುಳ್ಳೇಕೆ, ಆಗಲೂ ಹೊಟ್ಟೆ ಉರಿಯಿತು. ಅಣ್ಣ ಹೇಳುವ ಮೊದಲೇ ಇನ್ನೊಮ್ಮೆ ಬಾರಿಸಿದೆ.