ಸನ್ಮಾನದ ಎಣ್ಣೆ

ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ನಟರಾಜು ಸ್ನೂಕರ್ ಟೇಬಲ್ ಹಾಕಿದಾಗ ಊರಿನವರು ಅದನ್ನು ದೊಡ್ಡ ಕೇರಂ ಎಂದು ಕರೆದರು. ಜಿಲ್ಲೆಯಲ್ಲಿ ಅವನನ್ನು ಸೋಲಿಸುವವರಿಲ್ಲ. ಒಂದು ಕಾಲಕ್ಕೆ ರಾಮನಗರದಲ್ಲೂ ಮಾಗಡಿಯಲ್ಲೂ ಇಂಥ ಹಾಲ್‌ಗಳಿದ್ದವು. ಒಂದು ಈಗ ಜಿಮ್ಮು, ಇನ್ನೊಂದು ಮೊಬೈಲ್ ಅಂಗಡಿ. ಹಾಗಾಗಿ ಸೋಲಿಸುವವರೂ ಇಲ್ಲ, ಆಡುವವರೂ ಇಲ್ಲ. ನೆರವು ಕೇಳಿ ಹೋದಲ್ಲೆಲ್ಲ ಅವನಿಗೆ ಸಿಕ್ಕಿದ್ದು ಒಂದೇ ಪ್ರಶ್ನೆ: "ಇದು ಆಟವೇನಪ್ಪ, ಚಟ ಅಲ್ವಾ?"

ಕಳೆದ ವರ್ಷ ರಾಜ್ಯ ತಂಡದ ಆಯ್ಕೆ ಪಂದ್ಯಕ್ಕೆ ಅವನ ಹೆಸರು ಬಂತು. ವಯಸ್ಸು ನಲವತ್ತರ ಹತ್ತಿರ. ಈ ಸಲ ತಪ್ಪಿದರೆ ಮತ್ತೆ ಕರೆಯುವುದಿಲ್ಲವೆಂದು ಅವನಿಗೂ ಗೊತ್ತು, ಹೆಂಡತಿ ಪ್ರತಿಮಾಗೂ ಗೊತ್ತು. ಪೇಪರಿನಲ್ಲಿ ಎರಡು ಸಾಲು ಬಂದದ್ದೇ ತಡ, ನಮ್ಮೂರಿಗೆ ಅಭಿಮಾನ ಉಕ್ಕಿಬಿಟ್ಟಿತು. ಅಭಿಮಾನ ಉಕ್ಕಿದರೆ ನಮಗೆ ಗೊತ್ತಿರುವುದು ಒಂದೇ ದಾರಿ, ಸನ್ಮಾನ. ಕಟ್ಟಡದ ಮಾಲೀಕ ಬೋರಲಿಂಗಯ್ಯ ತಾವೇ ಸಮಿತಿ ಮಾಡಿ, ತಾವೇ ಅಧ್ಯಕ್ಷರಾಗಿ, ನಟರಾಜುವಿನ ಹಾಲ್‌ನಲ್ಲೇ ಸಮಾರಂಭ ಇಟ್ಟರು.

ಹಾರ ಬಂತು, ಮೈಸೂರು ಪೇಟ ಬಂತು, ಎಣ್ಣೆ ತುಂಬಿದ ದೀಪ ಬಂತು. ದೀಪ ಇಡಲು ಒಂದು ಮೇಜು ತರುವುದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

"ಇದ್ರ ಮ್ಯಾಲೇ ಮಡಗ್ರಲಾ, ಗರಿಕೆ ಹಾಸ್ದಂಗೆ ಹಸ್ರಾಗೈತೆ," ಎಂದು ಬೋರಲಿಂಗಯ್ಯ ಸ್ನೂಕರ್ ಟೇಬಲ್ ತೋರಿಸಿದರು.

"ಬ್ಯಾಡ ಅಣ್ಣೋ, ಎಣ್ಣೆ ಬಿದ್ರೆ ಬಟ್ಟೆ ಕೆಟ್ಟೋಯ್ತದೆ," ಎಂದ ನಟರಾಜು.

"ದ್ಯಾವ್ರ ದೀಪದಿಂದ ಕೆಡೋದು ಯಾವ್ದಾರಾ ಐತೇನ್ಲಾ? ಸುಮ್ಕೆ ಪೇಟ ಇಕ್ಕೊಂಡು ನಿಂತ್ಕೊ."

ನಿಂತುಕೊಂಡ. ಸನ್ಮಾನಿತನಿಗೆ ಅದಕ್ಕಿಂತ ಹೆಚ್ಚಿನ ಕೆಲಸ ನಮ್ಮಲ್ಲಿ ಇಲ್ಲ. ಗಣ್ಯರೆಲ್ಲ ಒಂದೇ ಮೇಣದ ಬತ್ತಿಗೆ ಕೈ ಹಾಕಿ, ಎಲ್ಲರೂ ಫೋಟೋದಲ್ಲಿ ಬರಬೇಕೆಂದು ನೂಕಾಡಿ, ಹಚ್ಚುವ ಮೊದಲೇ ದೀಪವನ್ನು ಕೆಡವಿದರು. ಎಣ್ಣೆ ಹಸಿರು ಬಟ್ಟೆಯ ಮೇಲೆ, ಚೆಂಡು ಬೀಳುವ ಮೂಲೆಯ ಗುಂಡಿಯ ತನಕ ಹರಿಯಿತು. ಚಪ್ಪಾಳೆ ಜೋರಾಗಿಯೇ ಬಿತ್ತು.

ಆ ಬಟ್ಟೆ ಹೊರದೇಶದ್ದು. ಬದಲಾಯಿಸಿಕೊಡುವ ಮಾತು ಬರುವಷ್ಟರಲ್ಲಿ ಸಮಿತಿಯೇ ವಿಸರ್ಜನೆಯಾಗಿತ್ತು. ಬೇರೆ ಟೇಬಲ್ ಎಲ್ಲಿಂದ ತರಬೇಕು? ನಟರಾಜು ಅದರಲ್ಲೇ ಅಭ್ಯಾಸ ಮಾಡಿದ. ಎಣ್ಣೆ ಕುಡಿದ ಜಾಗಕ್ಕೆ ಬಂದ ಚೆಂಡು ಕೆಸರಿಗೆ ಸಿಕ್ಕಂತೆ ನಿಧಾನವಾಗುತ್ತಿತ್ತು. ಆ ಮೂಲೆಗೆ ಒಂದು ಪಾವಿನಷ್ಟು ಜೋರು ಸೇರಿಸಿ ಹೊಡೆಯುವುದನ್ನು ಕೈ ತಾನಾಗಿಯೇ ಕಲಿತುಕೊಂಡಿತು.

ಬೆಂಗಳೂರಿನ ಪಂದ್ಯ ಕೊನೆಯ ಕರಿ ಚೆಂಡಿಗೆ ಬಂದು ನಿಂತಿತು. ಅದನ್ನು ಗುಂಡಿಗೆ ಹಾಕಿದರೆ ರಾಜ್ಯ ತಂಡ. ಊರಿನ ಟೇಬಲ್ಲಿನಲ್ಲಿ ಎಣ್ಣೆ ಕುಡಿದಿದ್ದ ಅದೇ ಮೂಲೆ. ನಟರಾಜು ರೂಢಿಯ ಜೋರಿನಲ್ಲೇ ಹೊಡೆದ, ಕರಿ ಚೆಂಡು ಸರಿಯಾಗಿಯೇ ಬಿತ್ತು. ಹಿಂದೆಯೇ, ತಡೆಯಲು ಎಣ್ಣೆ ಇಲ್ಲದ ಒಳ್ಳೆಯ ಬಟ್ಟೆಯ ಮೇಲೆ, ಕೋಲಿನಿಂದ ಹೊಡೆದ ಬಿಳಿ ಚೆಂಡೂ ಉರುಳಿಕೊಂಡು ಹೋಗಿ ಅದೇ ಗುಂಡಿಗೆ ಬಿತ್ತು. ಕೊನೆಯ ಕರಿಯ ಜೊತೆ ಬಿಳಿಯೂ ಬಿದ್ದರೆ ಸೋಲು.

ಅವನು ಊರಿಗೆ ಬಂದ ಮೇಲೆ ಬೋರಲಿಂಗಯ್ಯ ಸಮಾಧಾನ ಹೇಳಲು ಮಹಡಿ ಹತ್ತಿದರು. "ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ. ಈ ಟೇಬಲ್ ಮ್ಯಾಲೆ ನಿನ್ನ ಸೋಲ್ಸೋ ಗಂಡು ಯಾವನವ್ನೆ ಹೇಳು?"

"ಯಾವನೂ ಇಲ್ಲ ಅಣ್ಣೋ," ಎಂದ ನಟರಾಜು. "ಅದುಕ್ಕೇ ಅಲ್ಲಿ ಸೋತಿದ್ದು."