ಅಪ್ಪನ ಅಡ್ಡಗೆರೆ

ಮೇ ೨೪, ಶುಕ್ರವಾರ. ಬೆಳಿಗ್ಗೆಯಿಂದ ದಕ್ಷಿಣದ ತೇವಗಾಳಿ. ಮಧ್ಯಾಹ್ನ ಮೂರಕ್ಕೆ ನೈಋತ್ಯದಲ್ಲಿ ಮೋಡದ ಗೋಪುರ. ಐದೂವರೆಗೆ ನಿಂಬೆ ಗಾತ್ರದ ಆಲಿಕಲ್ಲು. ಬಿರುಗಾಳಿಯ ಬೆನ್ನಟ್ಟಲು ಈ ವಸಂತದಲ್ಲಿ ಕಾನ್ಸಾಸಿಗೆ ಇದಕ್ಕಿಂತ ಒಳ್ಳೆಯ ದಿನ ಬಂದಿರಲಿಲ್ಲ.

ನನ್ನ ಅಣ್ಣ ವರ್ಲಿನ್ ನನಗಿಂತ ಮೂರು ವರ್ಷ ದೊಡ್ಡವನು. ಊರಿನ ಧಾನ್ಯದ ಗೋದಾಮಿನಲ್ಲಿ ಗೋಧಿ ತೂಗುವ ಕೆಲಸಕ್ಕೆ ಸೇರಿ ಮೂವತ್ತು ವರ್ಷವಾಯಿತು. ಲಾರಿ ತಂದವರು ಅವನ ತೂಕವನ್ನು ಎಂದೂ ಪ್ರಶ್ನಿಸಿದವರಲ್ಲ. ಮದುವೆಯಾಗಲಿಲ್ಲ, ಭಾನುವಾರದ ಊಟ ನಮ್ಮ ಮನೆಯಲ್ಲಿ. ಮೇ ತಿಂಗಳಲ್ಲಿ ಮುಗಿಲು ಕಟ್ಟಿದ ದಿನ ಎಲ್ಲರೂ ಒಂದೇ ಗಾಡಿ ಹತ್ತಿ ಅದರ ಹಿಂದೆ ಹೊರಡುವುದು ಅಪ್ಪನ ಕಾಲದ ವಾಡಿಕೆ. ಅಪ್ಪನ ಕಟ್ಟಳೆ ಒಂದೇ: ಗಾಡಿ ಓಡಿಸುವವನು ತಿರುವನ್ನು ತೀರ್ಮಾನಿಸಬಾರದು, ನಕ್ಷೆ ಹಿಡಿದವರ ಮಾತೇ ಕೊನೆ. ಅವರು ತೀರಿಕೊಂಡ ಮೇಲೆ ನಕ್ಷೆ ನನ್ನ ಕೈಗೆ ಬಂತು, ಗಾಡಿ ಓಡಿಸುವುದು ವರ್ಲಿನ್‌ಗೇ ಉಳಿಯಿತು; ಅಪ್ಪನಂತೆ ನಾನೂ ದೂರದ ದಾರಿಗಳನ್ನೇ ಹೇಳುತ್ತಿದ್ದೆ. ಹೀಗಾಗಿ ವರ್ಲಿನ್ ತನ್ನ ಆಯುಷ್ಯದಲ್ಲಿ ಸುಂಟರಗಾಳಿಯನ್ನು ಐದು ಮೈಲಿಗಿಂತ ಹತ್ತಿರದಿಂದ ಕಂಡವನಲ್ಲ. ಅದಕ್ಕಾಗಿ ದೂರಿದವನೂ ಅಲ್ಲ.

ಆ ನಕ್ಷೆಪುಸ್ತಕದಲ್ಲಿ ಜೇಡಿಮಣ್ಣಿನ ದಾರಿಗಳಿಗೆಲ್ಲ ಅಪ್ಪ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿದ್ದಾರೆ. ಮಳೆ ಬಿದ್ದರೆ ಆ ಮಣ್ಣು ಬೆಣ್ಣೆ. ದಾರಿಗೆ ಜಲ್ಲಿ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಗೆರೆ ಅಳಿಸಬೇಕು. ಚಳಿಗಾಲದಲ್ಲಿ ಪುಸ್ತಕ ವರ್ಲಿನ್ ಬಳಿ ಇರುತ್ತದೆ. ಆ ಕೆಲಸ ಅವನದು.

ಅಂದು ಮುಗಿಲು ನಮ್ಮ ವಾಯವ್ಯಕ್ಕಿತ್ತು. ಹದಿನಾಲ್ಕರ ನನ್ನ ಮಗಳು ಕೋರಿನ್ ಹಿಂದಿನ ಸೀಟಿನಲ್ಲಿ ಸ್ಯಾಂಡ್‌ವಿಚ್ ಪೊಟ್ಟಣ ಬಿಚ್ಚುತ್ತಿದ್ದಳು. ಉತ್ತರಕ್ಕೆ ಹೋಗುವ ಕಿರುದಾರಿಯೊಂದು ಎದುರಾಯಿತು. ನಕ್ಷೆಯಲ್ಲಿ ಅದಕ್ಕೆ ಗೆರೆಯಿರಲಿಲ್ಲ. ರಬ್ಬರು ತಿಕ್ಕಿದ ಮಸುಕಷ್ಟೇ ಇತ್ತು.

"ಇಲ್ಲಿಗೆ ಜಲ್ಲಿ ಬಿತ್ತಾ?" ಎಂದೆ.

"ಮಾರ್ಚಲ್ಲೇ ಬಿತ್ತಲ್ಲ. ನಾನೇ ನೋಡ್ಕೊಂಡು ಬಂದೆ," ಎಂದ ವರ್ಲಿನ್.

ಬಲಕ್ಕೆ ತಿರುಗಿಸು ಎಂದು ನಾನೇ ಹೇಳಿದೆ.

ಮೊದಲು ಸಿಗುವ ಹೊಲದ ಮನೆಯವರೆಗೆ ಚಕ್ರದಡಿ ಜಲ್ಲಿಯ ಸದ್ದಿತ್ತು. ಅದರಾಚೆ ಸದ್ದು ನಿಂತಿತು, ಮಳೆ ಸುರಿಯಿತು, ಗಾಡಿ ಅಡ್ಡಡ್ಡ ಜಾರಿ ಚರಂಡಿಗಿಳಿದು ಕೂತಿತು. ಆಲಿಕಲ್ಲು ಮುಂದಿನ ಗಾಜನ್ನು ಒಡೆಯಿತು. ನಾನು ಹಿಂದಕ್ಕೆ ದಾಟಿ ಕೋರಿನ್ ತಲೆಗೆ ಕಂಬಳಿ ಮುಚ್ಚಿದೆ. ಅವಳು ನನ್ನ ಮೊಣಕೈ ಬಿಡಲಿಲ್ಲ. ಸುಂಟರಗಾಳಿ ನಮ್ಮಿಂದ ಒಂದು ಮೈಲಿ ಉತ್ತರದಲ್ಲಿ ದಾಟಿತೆಂದು ಆಮೇಲೆ ರೇಡಿಯೋದಿಂದ ತಿಳಿಯಿತು. ನಮಗೆ ಕಂಡದ್ದು ಬಿಳಿಯ ಮಳೆ ಮಾತ್ರ. ವರ್ಲಿನ್ ಒಡೆದ ಗಾಜಿನಾಚೆ ಕೊನೆಯವರೆಗೂ ನೋಡುತ್ತಲೇ ಇದ್ದ.

ಟ್ರ್ಯಾಕ್ಟರ್ ತಂದು ನಮ್ಮನ್ನು ಎಳೆದವರು ಆ ಹೊಲದ ಮನೆಯ ಯಜಮಾನ ಶ್ರಾಗ್. ಜಲ್ಲಿ ಬಿದ್ದಿದೆಯೆಂದು ನಂಬಿ ಬಂದೆವು ಎಂದೆ. ಸರಪಳಿ ಬಿಗಿಯುತ್ತ ಮುದುಕರು ನಕ್ಕರು.

"ಜಲ್ಲಿನಾ? ನಮ್ಮನೆ ದಾಟಿ ಒಂದು ಕಲ್ಲೂ ಬಿದ್ದಿಲ್ಲ ಕಣಮ್ಮ, ಹನ್ನೊಂದು ವರ್ಷದಿಂದ ಅರ್ಜಿ ಹಾಕ್ತಿದೀನಿ. ಏನಪ್ಪಾ ವರ್ಲಿನ್, ಮಾರ್ಚಲ್ಲಿ ಬಂದಾಗ ನಿಂಗೇ ಹೇಳಿದ್ನಲ್ಲ, ಮಳೇಲಿ ಬಂದ್ರೆ ಹಂದಿ ಥರ ಹೊರಳ್ತೀಯ ಅಂತ?"

ವರ್ಲಿನ್ ಸರಪಳಿಯ ಕೊಂಡಿಯನ್ನೇ ನೋಡುತ್ತಿದ್ದ. ಶ್ರಾಗ್ ಟ್ರ್ಯಾಕ್ಟರ್ ಹತ್ತಿದ ಮೇಲೆ ಬಾಯಿಬಿಟ್ಟ.

"ಗೆರೆ ಇದ್ದಿದ್ರೆ ನೀನು ಒಪ್ತಿರ್ಲಿಲ್ಲ."

"ಗಾಡೀಲಿ ಕೋರಿನ್ ಇದ್ಳು," ಎಂದೆ.

ನನ್ನ ಮಾತು ಮೀರಿ ಅವನು ತಿರುಗಿಸಿದ್ದರೆ ಸಹಿಸಬಹುದಿತ್ತು. ಅಪ್ಪನ ಗೆರೆ ಅಳಿಸಿ, ಮಗುವನ್ನು ಆ ದಾರಿಗೆ ಒಯ್ಯುವ ಮಾತನ್ನು ನನ್ನ ಬಾಯಿಂದಲೇ ಹೊರಡಿಸಿದ.

ಒಡೆದ ಗಾಜಿಗೆ ಟೇಪು ಅಂಟಿಸಿ, ಮರಳುವಾಗ ಗಾಡಿ ನಾನು ಓಡಿಸಿದೆ. ನಕ್ಷೆ ಕೋರಿನ್ ಮಡಿಲಲ್ಲಿತ್ತು. ತಿರುವುಗಳನ್ನು ಅವಳು ಹೇಳಿದಳು. ವರ್ಲಿನ್ ಹಿಂದೆ ಕುಳಿತಿದ್ದ. ಭಾನುವಾರ ಊಟಕ್ಕೆ ಬರಲಿಲ್ಲ; ನಾನೂ ಕರೆಯಲಿಲ್ಲ.

ಖರ್ಚು: ಪೆಟ್ರೋಲು ನಲವತ್ಮೂರು ಡಾಲರ್. ಸ್ಯಾಂಡ್‌ವಿಚ್ ಮನೆಯದು. ಶ್ರಾಗ್ ಹಣ ಮುಟ್ಟಲಿಲ್ಲ. ಸೋಮವಾರ ಹಾಕಿಸಿದ ಗಾಜಿಗೆ ಇನ್ನೂರೆಂಬತ್ತು, ಆ ಹಣ ಗೋದಾಮಿನಿಂದ ವರ್ಲಿನ್ ಕಳಿಸಿದ್ದು. ಅಪ್ಪನ ಪೆನ್ಸಿಲ್ ಗೆರೆಗಳ ಮೇಲೇ ಮತ್ತೆ ಎಳೆಯಲು ಶಾಯಿಯ ಪೆನ್ನು, ಒಂದು ಡಾಲರ್ ಎಪ್ಪತ್ತು ಸೆಂಟ್.